ಹುಚ್ಚ ನಾಯ್ಕರ ಹದಿನಾರು ತಾಸು

ಕಾನಸೂರಿನ ಹುಚ್ಚ ನಾಯ್ಕರು ಸುಳ್ಳುಗಾರರಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುಳ್ಳುಗಾರನಾದವನು ಇಲ್ಲದ್ದನ್ನು ಹುಟ್ಟಿಸುತ್ತಾನೆ. ನಾಯ್ಕರು ಇದ್ದದ್ದನ್ನೇ ಸ್ವಲ್ಪ ಬೆಳೆಸುತ್ತಿದ್ದರು, ಅದೂ ಎದುರಿನವನು ಬಾಯಿ ತೆರೆದ ಮೇಲೆ. ಪಕ್ಕದವನ ತೋಟಕ್ಕೆ ಮಂಗ ಬಂದರೆ ಇವರ ತೋಟಕ್ಕೆ ಮಂಗಗಳ ಮದುವೆ ದಿಬ್ಬಣವೇ ಬಂದಿರುತ್ತಿತ್ತು. ಯಾರಿಗಾದರೂ ಸೊಂಟನೋವು ಎಂದರೆ ಇವರಿಗೆ ಸೊಂಟದಿಂದ ಹಿಮ್ಮಡಿಯವರೆಗೆ. ನೆರೆಮನೆಯ ಶಂಕ್ರಪ್ಪನ ಬಚ್ಚಲಿಗೆ ಹಾವು ಹೊಕ್ಕು ಊರೆಲ್ಲ ಸೇರಿದ್ದಾಗ, ತಮ್ಮ ಮನೆಗೆ ಬಂದಿದ್ದು ಇದಕ್ಕಿಂತ ಉದ್ದವಿತ್ತೆಂದೂ, ಜನರಿಗೆ ಸುಮ್ಮನೆ ತೊಂದರೆ ಯಾಕೆಂದು ತಾವು ಯಾರಿಗೂ ಹೇಳಲಿಲ್ಲವೆಂದೂ ನಾಯ್ಕರು ಅಲ್ಲೇ ನಿಂತು ವಿವರಿಸಿದ್ದರು.

ಹೆಸರಿನ ಬಗ್ಗೆಯೂ ಒಂದು ಮಾತು. ಅವರಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲವಾಗಿ, ಚೆಂದದ ಹೆಸರಿಟ್ಟರೆ ಜವರಾಯನ ಕಣ್ಣು ಬೀಳುತ್ತದೆಂದು ಅಜ್ಜಿ ಈ ಕೂಸನ್ನು ಹುಚ್ಚ ಎಂದು ಕರೆದಳು. ಉಪಾಯ ಫಲಿಸಿತು. ಆ ಸುತ್ತಿನಲ್ಲಿ ಅದೇ ಹೆಸರಿನ ಮರ್ಯಾದಸ್ಥರು ಇನ್ನೂ ಹಲವರಿದ್ದುದರಿಂದ ಯಾರಿಗೂ ಅದು ವಿಚಿತ್ರವಾಗಿ ಕೇಳಿಸುತ್ತಿರಲಿಲ್ಲ. ಆಧಾರ್ ಕಾರ್ಡಿನಿಂದ ಹಿಡಿದು ಹಾಲಿನ ಸೊಸೈಟಿಯ ಉಪಾಧ್ಯಕ್ಷರ ಫಲಕದವರೆಗೆ ಅದು ಸುಖವಾಗಿಯೇ ಓಡಾಡಿಕೊಂಡಿತ್ತು.

ನಾಯ್ಕರಿಗೂ ಅವರ ಹೆಂಡತಿ ನಾಗಿಗೂ ಒಬ್ಬನೇ ಮಗ, ನವೀನ. ಶಿರಸಿಯಲ್ಲಿ ರೂಮು ಮಾಡಿಕೊಂಡು ಬಿಕಾಂ ಎರಡನೇ ವರ್ಷ ಓದುತ್ತಿದ್ದ. ಶಂಕ್ರಪ್ಪನ ಅಕ್ಕನ ಮಗಳು ಬಿಕಾಂ ಮುಗಿಸಿದಳೆಂದು ತಿಳಿದ ದಿನದಿಂದ, ಊರಿನ ಮಟ್ಟಿಗೆ, ನವೀನ ಸಿ.ಎ. ಓದುತ್ತಿದ್ದ.

ಹೀಗಿರುವಾಗ ಕಾಲೇಜಿನಲ್ಲಿ ಪಾಲಕರ ಸಭೆ ಕರೆದರು. ನಾಯ್ಕರು ಹೊಸ ಅಂಗಿ ಹಾಕಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕುಳಿತರು. ವೇದಿಕೆಯ ಹಿಂದೆ ‘ಅಂತರ್ಜಾಲ ವ್ಯಸನ ಮತ್ತು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ’ ಎಂದು ಬ್ಯಾನರು ಕಟ್ಟಿತ್ತು. ಮನೋವೈದ್ಯೆ ಡಾ. ಶ್ರೀಲಕ್ಷ್ಮಿ ಮೈಕಿನ ಮುಂದೆ ನಿಂತು, ಮೊಬೈಲಿಗೆ ಅಂಟಿಕೊಂಡ ಮಕ್ಕಳು ಹೇಗೆ ನಿದ್ದೆ ಬಿಡುತ್ತಾರೆ, ಹೇಗೆ ಮಾತು ಬಿಡುತ್ತಾರೆ ಎಂದು ನಿಧಾನವಾಗಿ ಹೇಳಿದರು. ಸಭಿಕರಲ್ಲಿ ಅರ್ಧದಷ್ಟು ಜನ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಕೊನೆಯಲ್ಲಿ ಡಾಕ್ಟರು ಕೇಳಿದರು:

“ಸಂಕೋಚ ಬೇಡ. ನಿಮ್ಮ ಮಕ್ಕಳು ದಿನಕ್ಕೆ ಎಷ್ಟು ತಾಸು ಮೊಬೈಲ್ ನೋಡ್ತಾರೆ? ಯಾರಾದರೂ ಹೇಳ್ತೀರಾ?”

ಯಾರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಮುಂಡಗೋಡ ಕಡೆಯ ಚನ್ನಬಸವ ಎಂಬವರು ಎದ್ದರು.

“ನಮ್ಮ ಹುಡುಗ ಐದ್ ತಾಸರ ನೋಡ್ತಾನ್ರಿ ಮೇಡಮ್ಮರ. ಏನ್ ಮಾಡೂನ್ರಿ?”

ಸಭೆ ‘ಛೆ ಛೆ’ ಎಂದಿತು. ಆ ‘ಛೆ ಛೆ’ಯಲ್ಲಿ ಮರುಕವಿತ್ತು, ಗೌರವವಿತ್ತು. ಅದನ್ನು ಕೇಳಿದ ಮೇಲೆ, ಉಮ್ಮಚಗಿಯಿಂದ ಬಂದಿದ್ದ ಗೋವಿಂದ ಹೆಗಡೆಯವರು ಶಾಲು ಸರಿಮಾಡಿಕೊಂಡು ಎದ್ದು ನಿಂತರು.

“ಐದು ತಾಸು ಎಂತ ಮಹಾ? ನಮ್ಮನೆ ಕೂಸು ಅಭಿಜ್ಞಾ ಎಂಟು ತಾಸು ನೋಡ್ತು. ಊಟಕ್ಕೆ ಕರದ್ರೂ ಬತ್ತಿಲ್ಲೆ.”

ಹುಚ್ಚ ನಾಯ್ಕರು ಅಡಿಕೆ ಹರಾಜು ನೋಡಿ ಬೆಳೆದವರು. ಒಂದು ಸಂಖ್ಯೆ ಗಾಳಿಯಲ್ಲಿ ತೇಲುತ್ತಿದ್ದರೆ ಅದರ ಮೇಲೊಂದು ಇಡದೆ ಕುಳಿತುಕೊಳ್ಳುವುದು ಅವರ ಮೈಗೆ ಒಗ್ಗದ ಕೆಲಸ. ತಾವು ಯಾವಾಗ ಎದ್ದದ್ದೆಂದು ಅವರಿಗೇ ತಿಳಿಯಲಿಲ್ಲ.

“ನನ್ನ ಮಗ ಹತ್ತು,” ಎಂದರು.

ಹೆಗಡೆಯವರು ಇನ್ನೂ ಕುಳಿತಿರಲಿಲ್ಲ. “ಎಂಟು ಅಂದಿದ್ದು ಕಾಲೇಜಿದ್ದ ದಿನ. ರಜೆ ಇದ್ರೆ ಹನ್ನೆರಡಕ್ಕೆ ಕಡಿಮೆ ಇಲ್ಲೆ.”

“ಹದಿನಾರು!” ಎಂದರು ನಾಯ್ಕರು. “ರಜೆ ಇರಲಿ, ಇಲ್ಲದೇ ಇರಲಿ.”

ಹೆಗಡೆಯವರು ಒಮ್ಮೆ ಬಾಯಿ ತೆರೆದು, ದಿನಕ್ಕಿರುವುದು ಒಟ್ಟು ಇಪ್ಪತ್ತನಾಲ್ಕೇ ತಾಸೆಂಬುದನ್ನು ನೆನೆದವರಂತೆ ಕುಳಿತುಬಿಟ್ಟರು.

“ಹದಿನಾರು ತಾಸಾ?” ಎಂದರು ಡಾಕ್ಟರು. “ಮತ್ತೆ ನಿದ್ದೆ ಯಾವಾಗ ಮಾಡ್ತಾನೆ?”

“ಅದರ ನಡುವೆಯೇ ಮೇಡಂ.”

“ಕಾಲೇಜು?”

ನಾಯ್ಕರು ಪ್ರಿನ್ಸಿಪಾಲರ ಕಡೆ ನೋಡಿದರು. ಪ್ರಿನ್ಸಿಪಾಲರು ಬ್ಯಾನರಿನ ಕಡೆ ನೋಡಿದರು. “ಅದೂ ಅದರ ನಡುವೆಯೇ,” ಎಂದರು ನಾಯ್ಕರು.

ಡಾಕ್ಟರು ವೇದಿಕೆಯಿಂದ ಇಳಿದು ಅವರ ಹತ್ತಿರವೇ ಬಂದರು. “ನಾಳೆ ಬೆಳಿಗ್ಗೆ ಮಗನನ್ನ ನಮ್ಮ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ತಪ್ಪಿಸಬೇಡಿ,” ಎಂದರು. ಉಪ್ಪಿಟ್ಟಿನ ಸಾಲಿನಲ್ಲಿ ಜನ ನಾಯ್ಕರಿಗೆ ದಾರಿ ಬಿಟ್ಟುಕೊಟ್ಟರು. ಪ್ರಿನ್ಸಿಪಾಲರು ಅವರ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಕುಲುಕಿದರು. ಹೆಗಡೆಯವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಎಲ್ಲರ ಎದ್ರಿಗೆ ಇಷ್ಟೆಲ್ಲ ಹೇಳಲೆ ಧೈರ್ಯ ಬೇಕು ನಾಯ್ಕರೇ. ಎನ್ನ ಕೈಲಿ ಆಗ್ತಿಲ್ಲೆ,” ಎಂದರು. ಜೀವಮಾನದಲ್ಲಿ ಇಷ್ಟು ಮರ್ಯಾದೆ ನಾಯ್ಕರಿಗೆ ಒಂದೇ ದಿನದಲ್ಲಿ ಸಿಕ್ಕಿರಲಿಲ್ಲ. ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದರು.

ಬೆವರು ಬಂದದ್ದು ಬಸ್ಸು ಹತ್ತಿದ ಮೇಲೆ. ನವೀನ ಮೊಬೈಲು ನೋಡುತ್ತಾನೆ, ನಿಜ. ಎಲ್ಲರ ಮಕ್ಕಳೂ ನೋಡುತ್ತಾರೆ. ಆದರೆ ಎಷ್ಟು ನೋಡುತ್ತಾನೆಂದು ನಾಯ್ಕರಿಗೆ ಏನೇನೂ ಗೊತ್ತಿರಲಿಲ್ಲ. ದೀಪಾವಳಿಯ ನಂತರ ಅವನು ಊರಿಗೆ ಬಂದದ್ದೇ ಕಡಿಮೆ. ಓದು ಜಾಸ್ತಿ ಇರಬೇಕೆಂದು ನಾಯ್ಕರು ತಿಳಿದುಕೊಂಡಿದ್ದರು. ಊರಿಗೂ ಹಾಗೇ ತಿಳಿಸಿದ್ದರು.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮೊದಲೇ ಮುಟ್ಟಿ, ಚಾ ಕುಡಿದು, ಕಾಲು ಚಾಚಿ ಕುಳಿತಿತ್ತು. ಸಭೆಯ ವಿಡಿಯೋ ಯಾವುದೋ ದಾರಿ ಹಿಡಿದು ಶಂಕ್ರಪ್ಪನ ಮೊಬೈಲಿಗೆ ಬಂದಿತ್ತು. ನಾಗಿ ಒಂದು ಸುತ್ತು ಅತ್ತು ಮುಗಿಸಿದ್ದಳು. ಸಿದ್ದಾಪುರದಿಂದ ಅವಳ ಅಣ್ಣ ಬಸಪ್ಪ ಬೈಕು ಹತ್ತಿ ಬಂದು ಜಗುಲಿಯ ಮಧ್ಯದಲ್ಲಿ ಕುಳಿತಿದ್ದ. ಕಷ್ಟವಿದ್ದ ಮನೆಯಲ್ಲಿ ಮಧ್ಯದಲ್ಲಿ ಕುಳಿತುಕೊಳ್ಳುವುದು ಬಸಪ್ಪನ ಪದ್ಧತಿ.

“ಭಾವಾ, ಇಷ್ಟು ದಿನ ಎಂತಕ್ಕೆ ಮುಚ್ಚಿಟ್ಟಿದ್ದು?” ಎಂದ.

“ಅದು ಹಾಂಗಲ್ಲ ಬಸಪ್ಪಾ, ನಾ ಹೇಳಿದ್ದು ಎಂತಕ್ಕಂದ್ರೆ...”

“ಹೇಳಿದ್ದೇ ಒಳ್ಳೇದಾಯ್ತು!” ಎಂದ ಶಂಕ್ರಪ್ಪ. “ಬೇರೆ ಅಪ್ಪಂದಿರು ಮರ್ಯಾದೆಗೆ ಹೆದರಿ ಬಾಯಿ ಬಿಡೂದಿಲ್ಲ. ನೀನು ಮೈಕಿಲ್ಲದೇ ಹೇಳಿದ್ದು ಹಿಂದಿನ ಸಾಲಿಗೂ ಕೇಳಿದೆ. ವಿಡಿಯೋದಲ್ಲಿ ಸ್ಪಷ್ಟ ಇದೆ.”

ನಾಗಿ ಗಂಡನ ಮುಖ ನೋಡಿದಳು. “ನಂಗೇ ಗೊತ್ತಾಗಲಿಲ್ಲ. ನಿಮಗೆ ಹ್ಯಾಂಗೆ ಗೊತ್ತಾಯ್ತು?”

ನಿಜ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾಯ್ಕರು ಕೆಮ್ಮಿದರು. “ಅಪ್ಪ ಅಂದಮೇಲೆ ಗೊತ್ತಾಗೂದಿಲ್ವನೇ?” ಎಂದರು.

ನಾಗಿ ಎರಡನೇ ಸುತ್ತು ಅಳಲು ಒಳಗೆ ಹೋದಳು.

ಬಸಪ್ಪ ನವೀನನಿಗೆ ಫೋನು ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಎತ್ತಲಿಲ್ಲ. “ನೋಡಿ, ಮೊಬೈಲಲ್ಲೇ ಇದ್ದಾನೆ. ಅದಕ್ಕೇ ಎತ್ತೂದಿಲ್ಲ,” ಎಂದು ತೀರ್ಮಾನಿಸಿದ. ಎತ್ತಿದ್ದರೆ, ಮೊಬೈಲಲ್ಲೇ ಇದ್ದಾನೆ, ಅದಕ್ಕೇ ತಕ್ಷಣ ಎತ್ತಿದ ಎನ್ನುತ್ತಿದ್ದನೋ ಏನೋ. ಮುಂದೆ ಚಿಕಿತ್ಸೆಯ ಚರ್ಚೆಯಾಯಿತು. ತಲೆಗೆ ಎಣ್ಣೆ ತಿಕ್ಕಬೇಕೆಂದು ಒಬ್ಬರು, ಮದುವೆ ಮಾಡಬೇಕೆಂದು ಒಬ್ಬರು, ಮೊಬೈಲನ್ನು ಬಾವಿಗೆ ಹಾಕಬೇಕೆಂದು ಒಬ್ಬರು. ಬಾವಿಯ ನೀರು ಕುಡಿಯುವವರು ಅದನ್ನು ಒಪ್ಪಲಿಲ್ಲ. ಆಮೇಲೆ ಶಂಕ್ರಪ್ಪ ಮೊಬೈಲಿನ ದುಷ್ಪರಿಣಾಮಗಳ ಬಗ್ಗೆ ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅದು ಮುಗಿದೊಡನೆ ಅಂಥದ್ದೇ ಇನ್ನೊಂದು ತಾನಾಗಿ ಬಂತು. ಅದರ ಹಿಂದೆ ಮತ್ತೊಂದು. ಎಲ್ಲರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದರು. ಕರುಗಳು ಕೂಗಿದವು, ಯಾರಿಗೂ ಕೇಳಿಸಲಿಲ್ಲ. ನಾಗಿ ಊಟಕ್ಕೆ ಕರೆದಳು, ಯಾರೂ ಏಳಲಿಲ್ಲ. ಚಾರ್ಜು ಮುಗಿದಾಗ ಬಸಪ್ಪ ದೀರ್ಘವಾಗಿ ಉಸಿರು ಬಿಟ್ಟು, “ಈಗಿನ ಹುಡುಗರ ಗತಿ ನೋಡಿ,” ಎಂದ.

ಮರುದಿನ ನಾಯ್ಕರು ಬೆಳಗಿನ ಬಸ್ಸಿಗೇ ಹೊರಟರು. ಬಸಪ್ಪ ತಾನೂ ಬರುತ್ತೇನೆಂದ; ಬೇಡವೆಂದು ಕೈಮುಗಿದು ಬಿಡಿಸಿಕೊಂಡರು. ಅವರ ಲೆಕ್ಕಾಚಾರ ಸರಳವಾಗಿತ್ತು. ಮಗನಿಗೆ ಗುಟ್ಟಾಗಿ ವಿಷಯ ಹೇಳುವುದು, ಒಂದು ದಿನದ ಮಟ್ಟಿಗೆ ಹದಿನಾರು ತಾಸು ಒಪ್ಪಿಕೋ ಎಂದು ಬೇಡಿಕೊಳ್ಳುವುದು, ಡಾಕ್ಟರು ಎರಡು ಬುದ್ಧಿಮಾತು ಹೇಳಿದರೆ ಕೇಳಿಸಿಕೊಂಡು ಮಸಾಲೆ ದೋಸೆ ತಿಂದು ಬರುವುದು.

ರೂಮಿನ ಬಾಗಿಲು ತಟ್ಟಿ ತಟ್ಟಿ ಕೈ ನೋಯುವ ಹೊತ್ತಿಗೆ ನವೀನ ತೆರೆದ. ಹೊರಗೆ ಬಿಸಿಲು ಏರಿದ್ದರೂ ಕಿಟಕಿಗೆ ಬೆಡ್‌ಶೀಟು ಕಟ್ಟಿತ್ತು. ನೆಲದ ಮೇಲೆ ಬಿಸ್ಕತ್ತಿನ ಖಾಲಿ ಪೊಟ್ಟಣಗಳು. ಹುಡುಗನ ಕಣ್ಣು ಒಳಕ್ಕೆ ಹೋಗಿದ್ದವು, ಗಡ್ಡ ಅಲ್ಲಲ್ಲಿ ಬೆಳೆದಿತ್ತು.

“ಥಂಡಿ ಆಗಿದೆಯನಾ?” ಎಂದರು ನಾಯ್ಕರು.

“ಇಲ್ಲ ಅಪ್ಪಾ.”

“ಒಬ್ಬರು ಡಾಕ್ಟರ ಹತ್ರ ಹೋಗಿ ಬರೂದಿತ್ತು. ಸುಮ್ನೆ. ಅಂಥದ್ದೇನಿಲ್ಲ. ದಾರಿಯಲ್ಲಿ ಹೇಳ್ತೆ.”

ಯಾಕೆ ಏನು ಎಂದು ಮಗ ಕೇಳಲಿಲ್ಲ. ಮುಖ ತೊಳೆದು, ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಜಗಳಕ್ಕೆ ಸಿದ್ಧರಾಗಿ ಬಂದಿದ್ದ ನಾಯ್ಕರಿಗೆ ಜಗಳವಿಲ್ಲದೆ ಮಾತು ಹೇಗೆ ಶುರುಮಾಡುವುದೆಂದು ತಿಳಿಯಲಿಲ್ಲ. ಆಸ್ಪತ್ರೆ ಬರುವವರೆಗೂ ಈ ಸಲದ ಸೆಕೆಯ ಬಗ್ಗೆ ಮಾತಾಡಿದರು.

ಆಸ್ಪತ್ರೆಯ ಸ್ವಾಗತ ಕೌಂಟರಿನಲ್ಲಿ ಮಮತಾ ಎಂಬ ಹುಡುಗಿ ಕಂಪ್ಯೂಟರಿನ ಹಿಂದೆ ಕುಳಿತಿದ್ದಳು. ಮನೋರೋಗಿಗಳ ಜೊತೆ ಸೌಜನ್ಯದಿಂದ ವರ್ತಿಸುವುದು ಹೇಗೆಂದು ಅವಳಿಗೆ ಹಿಂದಿನ ವಾರವಷ್ಟೇ ತರಬೇತಿಯಾಗಿತ್ತು.

“ಹೆಸರು?”

“ಹುಚ್ಚ,” ಎಂದರು ನಾಯ್ಕರು. ಎಲ್ಲಿ ಹೆಸರು ಕೇಳಿದರೂ ಯಜಮಾನನ ಹೆಸರು ಹೇಳುವುದು ಅವರ ರೂಢಿ.

ಮಮತಾಳ ಬೆರಳು ನಿಂತವು. “ಸರ್, ಇಲ್ಲಿ ನಾವು ಆ ಪದ ಬಳಸೋದಿಲ್ಲ.”

“ಮತ್ತೆ ಎಂತ ಬಳಸ್ತೀರಿ?”

“ಮನಸ್ಸಿಗೆ ಸ್ವಲ್ಪ ಆರಾಮಿಲ್ಲ ಅಂತೀವಿ.”

“ಮನಸ್ಸಿಗೆ ಆರಾಮಿದೆ ತಂಗೀ. ಹೆಸರು ಹುಚ್ಚ.”

“ನಿಮ್ಮನ್ನ ನೀವೇ ಹಾಗೆ ಅಂದ್ಕೋಬಾರದು ಸರ್.”

“ನಾ ಅಂದುಕೊಂಡಿದ್ದಲ್ಲ. ಅಜ್ಜಿ ಅಂದಿದ್ದು. ಆಮೇಲೆ ಊರೆಲ್ಲ ಹಾಂಗೇ ಕರೀತದೆ.”

ಮಮತಾಳ ಕಣ್ಣು ತುಂಬಿ ಬಂದವು. ಎದ್ದು ತಾನೇ ಒಂದು ಲೋಟ ನೀರು ತಂದುಕೊಟ್ಟಳು. “ಇಲ್ಲಿ ಯಾರೂ ಹಾಗೆ ಕರೆಯಲ್ಲ ಸರ್. ಮೊದಲು ಪ್ರಥಮ ಸರ್ ಹತ್ತಿರ ಹೋಗಿ.”

“ಮೊದಲು, ಪ್ರಥಮ, ಎರಡೂ ಒಂದೇ ಅಲ್ದಾ?”

ಮಮತಾ ಅದನ್ನೂ ತಲೆಯಲ್ಲಿ ಗುರುತು ಮಾಡಿಕೊಂಡಳು.

ಬೆಂಚಿನಲ್ಲಿ ಕುಳಿತಿದ್ದವರಲ್ಲಿ ಒಬ್ಬರು ಪೇಪರನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದುಕೊಂಡಿದ್ದರು. ಶಾಲು ಗುರುತು ಸಿಕ್ಕಿತು. ಉಮ್ಮಚಗಿಯ ಗೋವಿಂದ ಹೆಗಡೆಯವರು, ಪಕ್ಕದಲ್ಲಿ ಮಗಳು. ನಾಯ್ಕರು ನಿಂತದ್ದು ಕಂಡು ಹೆಗಡೆಯವರು ಪೇಪರು ಕೆಳಗಿಳಿಸಿ, “ಇಲ್ಲೇ ಹತ್ರ ಎಲೆಕ್ಟ್ರಿಕ್ ಸಾಮಾನು ತಗಂಬದಿತ್ತು,” ಎಂದರು. ನಾಯ್ಕರು ಗಂಭೀರವಾಗಿ ತಲೆದೂಗಿ, “ನನಗೂ,” ಎಂದು, ಮಗನನ್ನು ಅಲ್ಲೇ ಕೂರಿಸಿ ಒಳಗೆ ಹೋದರು. ಮೊದಲು ತಾವೊಬ್ಬರೇ ಹೋಗಿ ಡಾಕ್ಟರಿಗೆ ವಿಷಯ ಅರಿಕೆ ಮಾಡಿಕೊಂಡರೆ ಮಗನವರೆಗೆ ಬರಲಿಕ್ಕಿಲ್ಲ ಎಂಬ ಆಸೆ.

ಆದರೆ ಒಳಗಿದ್ದವರು ಶ್ರೀಲಕ್ಷ್ಮಿ ಮೇಡಂ ಅಲ್ಲ. ಪ್ರಥಮ ಎಂಬ ಆಪ್ತಸಮಾಲೋಚಕ. ಎಳೆ ಗಡ್ಡದ, ಬಹಳ ಒಳ್ಳೆಯ ಕಣ್ಣಿನ ಹುಡುಗ. ಮಮತಾ ಅವನಿಗೆ ಒಳಗಿನ ಫೋನಿನಲ್ಲಿ ಎಲ್ಲ ಹೇಳಿ ಆಗಿತ್ತು. ಅವನು ಕುರ್ಚಿಯನ್ನು ನಾಯ್ಕರ ಪಕ್ಕಕ್ಕೇ ಎಳೆದುಕೊಂಡ.

“ಯಾವಾಗಿನಿಂದ ಹೀಗೆ?”

“ಎಂತದು?”

“ಹುಚ್ಚ ಅಂತ.”

“ಹುಟ್ಟಿದ ಹನ್ನೊಂದನೇ ದಿನದಿಂದ.”

“ಮನೆಯವರು ಅದಕ್ಕೆ ಏನಂತಾರೆ?”

“ಅವರೇ ಇಟ್ಟಿದ್ದಲ್ಲ?”

“ಹೊರಗಿನವರು?”

“ಹೊರಗೆ ಮರ್ಯಾದೆ ಇದೆ. ಹಾಲಿನ ಸೊಸೈಟಿಯಲ್ಲಿ ಬೋರ್ಡೇ ಹಾಕಿದ್ದಾರೆ.”

ಪ್ರಥಮ ಕನ್ನಡಕ ತೆಗೆದ. “ಬೋರ್ಡಾ? ಎಲ್ಲರಿಗೂ ಕಾಣೋ ಹಾಗೆ? ನಿಮಗೆ ನೋವಾಗಲಿಲ್ವಾ?”

“ನೋವು ಎಂತಕ್ಕೆ? ಅಕ್ಷರ ಮಾಸಿತ್ತು. ನಾನೇ ಖರ್ಚು ಹಾಕಿ ಪೇಂಟು ಹೊಡಿಸ್ದೆ.”

ಹುಡುಗ ಏನೋ ತಪ್ಪು ತಿಳಿದಿದ್ದಾನೆಂದು ಈ ಹೊತ್ತಿಗೆ ನಾಯ್ಕರಿಗೂ ಹೊಳೆದಿತ್ತು. ಆದರೆ ತಮ್ಮ ವಿಷಯ ಎಷ್ಟು ಹೊತ್ತು ನಡೆಯುತ್ತದೋ ಅಷ್ಟು ಹೊತ್ತು ಹದಿನಾರು ತಾಸಿನ ವಿಷಯ ಬರುವುದಿಲ್ಲ ಎಂಬುದೂ ಹೊಳೆಯಿತು. ನೆಮ್ಮದಿಯಾಗಿ ಒರಗಿ ಕುಳಿತರು. ಕೆಲವರಿಗೆ ಚಿಂತೆ ಹೆಚ್ಚಿರುತ್ತದೆ ಎಂದ ಪ್ರಥಮ. ಅವರೆಲ್ಲರಿಗಿಂತ ತಮಗೆ ಹೆಚ್ಚೆಂದರು. ಕೆಲವರಿಗೆ ನಡುನಡುವೆ ಎಚ್ಚರವಾಗುತ್ತದೆ ಎಂದ; ತಮಗೆ ನಿದ್ದೆಯೇ ನಡುನಡುವೆ ಎಂದರು. ಕೆಲವರಿಗೆ ಯಾರೋ ಕರೆದ ಹಾಗೆ ಕೇಳಿಸುತ್ತದೆ ಎಂದ. ತಮಗೆ ಕಾನಸೂರು ಪೇಟೆ ದಾಟುವುದರೊಳಗೆ ಹತ್ತು ಜನ ಕರೆಯುತ್ತಾರೆ ಎಂದರು. ಪ್ರಥಮನ ಬಳಿ ಕೇಳಲು ಬೇರೆ ಪ್ರಶ್ನೆ ಉಳಿಯಲಿಲ್ಲ. ಅವನು ಬಾಗಿಲು ತೆರೆದು, ಜೊತೆಗೆ ಬಂದವರನ್ನು ಕರೆದ.

ನವೀನ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತ.

“ಹೆದರಬೇಡಿ,” ಎಂದ ಪ್ರಥಮ. “ತಂದೆಯವರಿಗೆ ಹೀಗಾಗಿದ್ದಕ್ಕೆ ನೀವು ಕಾರಣ ಅಲ್ಲ. ಒಳ್ಳೆ ಚಿಕಿತ್ಸೆ ಇದೆ. ನೀವು ಮಾತ್ರ ಅವರ ಜೊತೆ ಗಟ್ಟಿಯಾಗಿ ನಿಲ್ಲಬೇಕು.”

ನವೀನ ಅಪ್ಪನನ್ನು ನೋಡಿದ. ಹೊಸ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು, ಕೈಯಲ್ಲಿ ಖಾಲಿ ನೀರಿನ ಲೋಟ ಹಿಡಿದು ಕುಳಿತಿದ್ದ ಅಪ್ಪ.

“ಅಪ್ಪಗೆ ಎಂತದೂ ಆಗಲಿಲ್ಲ ಸರ್. ಅವರ ಹೆಸರೇ ಅದು. ಸರಿ ಇಲ್ಲದೇ ಇರೂದು ನನಗೆ.”

“ಹಾಂಗೆಲ್ಲ ಹೇಳಬಾರದನಾ,” ಎಂದರು ನಾಯ್ಕರು. “ಆರಾಮೇ ಇದ್ದೀಯಲ್ಲ.”

“ನೀನೇ ಮೀಟಿಂಗಲ್ಲಿ ಹೇಳಿದ್ಯಲ್ಲ ಅಪ್ಪಾ, ಹದಿನಾರು ತಾಸು ಅಂತ. ಕ್ಲಾಸಿನ ಗ್ರೂಪಿಗೆ ವಿಡಿಯೋ ಬಂದಿತ್ತು. ನಿಂಗೆ ಯಾರು ಹೇಳಿದ್ದು?”

ನಾಯ್ಕರ ಕೈಯ ಲೋಟ ಬಗ್ಗಿತು. ಅದೃಷ್ಟಕ್ಕೆ ಅದು ಖಾಲಿಯಿತ್ತು.

“ಎಂತದು ಹೇಳಿದ್ದು?”

“ಅಷ್ಟೇ ಆಗ್ತದೆ. ಕೆಲವು ದಿನ ಇನ್ನೂ ಜಾಸ್ತಿ. ಕಾಲೇಜಿಗೆ ಹೋಗದೇ ಎಷ್ಟೋ ದಿನ ಆಯ್ತು.”

ಪ್ರಥಮ ಕನ್ನಡಕ ಮತ್ತೆ ಹಾಕಿಕೊಂಡು, ಕುರ್ಚಿಯನ್ನು ಸದ್ದಿಲ್ಲದೆ ಹುಡುಗನ ಕಡೆಗೆ ತಿರುಗಿಸಿದ. “ಏನು ನೋಡ್ತೀರಿ ನವೀನ್?”

“ಕಾರ್ಪೆಟ್ ತೊಳೆಯೂದು.”

“ಏನು?”

“ಕೊಳೆಯಾದ ಕಾರ್ಪೆಟ್ ಇರ್ತದಲ್ಲ ಸರ್. ಯಾವುದೋ ದೇಶದಲ್ಲಿ ಒಬ್ಬ ನೀರು ಬಿಟ್ಟು, ಸೋಪು ಹಾಕಿ ಉಜ್ಜತಾನೆ. ಉಜ್ಜಿ ಉಜ್ಜಿ ಬಣ್ಣ ಬರ್ತದೆ. ಒಂದು ಮುಗಿದ ಕೂಡ್ಲೇ ಇನ್ನೊಂದು.”

“ನಮ್ಮನೇಲಿ ಕಾರ್ಪೆಟ್ಟೇ ಇಲ್ಲ!” ಎಂದರು ನಾಯ್ಕರು.

“ನೋಡಬೇಕು ಅಂತ ನೋಡೂದಲ್ಲ,” ಎಂದ ನವೀನ. ಅವನು ಮಾತಾಡುತ್ತಿದ್ದುದು ತನ್ನ ಮೊಣಕಾಲಿನೊಂದಿಗೆ. “ನಿಲ್ಲಿಸಿದ್ರೆ ಎದೆ ಹೊಡ್ಕೊಳ್ತದೆ. ಮೂರು ಸಬ್ಜೆಕ್ಟು ಹೋಗಿದೆ ಸರ್. ಊರಿಗೆ ಹೋದ್ರೆ ಬಸ್ ಸ್ಟಾಪಿನಲ್ಲೇ ಹಿಡಿದು ಕೇಳ್ತಾರೆ, ಸಿ.ಎ. ಯಾವಾಗ ಮುಗೀತದೆ ಅಂತ. ನಾನು ಸಿ.ಎ.ಗೆ ಸೇರೇ ಇಲ್ಲ. ಅಪ್ಪ ಎಲ್ಲರ ಹತ್ರ ಹೇಳಿಬಿಟ್ಟಿದ್ದಾನೆ. ಅದಕ್ಕೇ ಊರಿಗೂ ಹೋಗೂದು ಬಿಟ್ಟೆ. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ನಿನ್ನೆ ವಿಡಿಯೋ ನೋಡಿ, ಅಪ್ಪಗೆ ಎಲ್ಲಾ ಗೊತ್ತಿದೆ, ಗೊತ್ತಿದ್ದೂ ಬೈಲಿಲ್ಲ, ಡಾಕ್ಟರ ಹತ್ರ ಹೇಳಿದ್ದಾನೆ ಅಂತ...” ಮುಂದಿನದು ಕೇಳಿಸಲಿಲ್ಲ.

ಎಲ್ಲವನ್ನೂ ಬಲ್ಲ, ಬೈಯದ, ದೂರದೃಷ್ಟಿಯ ತಂದೆ ಎಂಬ ಪದವಿ ನಾಯ್ಕರ ಎದುರಿಗೆ ಬಂದು, ಕೈ ಚಾಚಿದರೆ ಸಿಗುವಂತೆ ನಿಂತಿತ್ತು. ಅಂಥ ಪದವಿಯನ್ನು ಅವರು ಹಿಂದೆಂದೂ ಬಿಟ್ಟವರಲ್ಲ.

“ನಂಗೆ ಎಂತದೂ ಗೊತ್ತಿರಲಿಲ್ಲನಾ,” ಎಂದರು. “ಉಮ್ಮಚಗಿ ಹೆಗಡೆರು ಹನ್ನೆರಡು ಅಂದ್ರು. ಅದಕ್ಕೇ ಹದಿನಾರು ಅಂದೆ.”

ನವೀನ ತಲೆಯೆತ್ತಿದ. “ಅಷ್ಟೇನಾ?”

“ಅಷ್ಟೇ.”

“ಅವರು ಇಪ್ಪತ್ತು ಅಂದಿದ್ರೆ?”

ನಾಯ್ಕರು ಪ್ರಾಮಾಣಿಕವಾಗಿ ಯೋಚಿಸಿದರು. “ಇಪ್ಪತ್ತೆರಡು ಅಂತಿದ್ದೆ.”

ನವೀನನ ಬಾಯಿಂದ ವಿಚಿತ್ರವಾದ ಸದ್ದೊಂದು ಹೊರಟಿತು. ಪ್ರಥಮ ಗಾಬರಿಯಾಗಿ ಅರ್ಧ ಎದ್ದ. ಅದು ನಗು. ಬಹುಕಾಲ ಬಳಸದೆ ತುಕ್ಕು ಹಿಡಿದಿದ್ದರಿಂದ ಗುರುತು ಸಿಕ್ಕಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದು ಅಳುವಾಯಿತು. ನಾಯ್ಕರಿಗೆ ಮಗನ ಬೆನ್ನು ಸವರಬೇಕೆನಿಸಿತು, ಕೈಯಲ್ಲಿ ಲೋಟವಿತ್ತು, ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಲೋಟದ ಸಮೇತ ಸವರಿದರು.

ಆಮೇಲೆ ಶ್ರೀಲಕ್ಷ್ಮಿ ಮೇಡಂ ಬಂದರು. ಮಗನೊಡನೆ ಬಹಳ ಹೊತ್ತು ಒಬ್ಬರೇ ಮಾತಾಡಿದರು. ಮೊಬೈಲು ಕಸಿದುಕೊಳ್ಳುವುದರಿಂದ ಏನೂ ಆಗುವುದಿಲ್ಲವೆಂದೂ, ಅವನು ಯಾವುದರಿಂದ ಓಡಿಹೋಗಿ ಅದರೊಳಗೆ ಅಡಗಿದ್ದಾನೋ ಅದನ್ನು ಮೊದಲು ನೋಡಬೇಕೆಂದೂ, ಪ್ರತಿ ವಾರ ಬರಬೇಕೆಂದೂ ಹೇಳಿದರು. ಕಾಲೇಜಿಗೆ ತಾವೇ ತಿಳಿಸುತ್ತೇವೆಂದರು.

“ಈಗ ಮನೆಗೆ ಕರ್ಕೊಂಡು ಹೋಗಿ. ಎಲ್ಲಕ್ಕಿಂತ ಮೊದಲು ಅವನಿಗೆ ನಿದ್ದೆ ಬೇಕು. ನಿದ್ದೆ ಬಂದಾಗ ಎಬ್ಬಿಸಬೇಡಿ. ಮತ್ತೆ ನಾಯ್ಕರೇ, ನಿಮಗೂ ಒಂದು ಕೆಲಸ ಇದೆ. ಆ 'ಸಿ.ಎ.' ಮಾತನ್ನ ನೀವೇ ವಾಪಸ್ ತಗೋಬೇಕು.”

“ಎಲ್ಲರ ಹತ್ರನೂ?”

“ಯಾರ್ಯಾರಿಗೆ ಹೇಳಿದ್ದೀರೋ ಅವರ ಹತ್ರ.”

“ಹಾಂಗಾದ್ರೆ ಸಿದ್ದಾಪುರ ತಾಲೂಕು ಪೂರ್ತಿ ತಿರುಗಬೇಕಾಗ್ತದೆ ಮೇಡಂ,” ಎಂದರು ನಾಯ್ಕರು. ಈ ಸಲ ಅವರು ಬೆಳೆಸಿ ಹೇಳಿರಲಿಲ್ಲ.

ಮಧ್ಯಾಹ್ನದ ಸಿದ್ದಾಪುರ ಬಸ್ಸಿನಲ್ಲಿ ಅಪ್ಪ ಮಗನಿಗೆ ಸೀಟು ಸಿಕ್ಕಿತು. ಶಿರಸಿ ಪೇಟೆ ಹಿಂದಾಗುವ ಮೊದಲೇ ನವೀನ ತೂಕಡಿಸಿದ; ತಲೆ ಒಮ್ಮೆ ಕಿಟಕಿಯ ಕಡೆ ಹೋಗಿ, ಒಮ್ಮೆ ಮುಂದಕ್ಕೆ ಬಾಗಿ, ಕೊನೆಗೆ ಅಪ್ಪನ ಭುಜಕ್ಕೆ ಬಂದು ನಿಂತಿತು. ಬಾಯಿ ಸ್ವಲ್ಪ ತೆರೆದಿತ್ತು. ನಾಯ್ಕರು ಉಸಿರನ್ನೂ ಅಳತೆಮಾಡಿ ಬಿಡತೊಡಗಿದರು.

ಕಾನಸೂರಿನಲ್ಲಿ ಬಸ್ಸು ನಿಂತಿತು. ಶಂಕ್ರಪ್ಪ ಇವರಿಗಾಗಿಯೇ ಕಾದಿದ್ದವನು ಕಿಟಕಿಗೆ ಮುಖವಿಟ್ಟು, “ಹುಚ್ಚಾ, ಇಳಿಯಾ! ಡಾಕ್ಟರು ಎಂತ ಹೇಳಿದ್ರು?” ಎಂದು ಕೂಗಿದ. ನಾಯ್ಕರು ತುಟಿಗೆ ಬೆರಳಿಟ್ಟರು.

“ಇಳಿಯೂದಿಲ್ವನಾ?”

ನಾಯ್ಕರು ಮಗನ ತಲೆ ತೋರಿಸಿ, ಇಲ್ಲವೆಂದು ಕೈಯಾಡಿಸಿದರು. ಕಂಡಕ್ಟರು ಬಂದ. “ನಿಮ್ಮ ಟಿಕೆಟ್ ಇಲ್ಲಿಗೇ ಮುಗೀತ್ರಿ ಯಜಮಾನ್ರ. ಇಳೀರಿ.”

“ಮಗ ಮಲಗಿದ್ದಾನೆ,” ಎಂದು ಪಿಸುಗುಟ್ಟಿದರು ನಾಯ್ಕರು. “ಸಿದ್ದಾಪುರಕ್ಕೆ ಎರಡು ಕೊಡಿ.”

“ಸಿದ್ದಾಪುರದಾಗ ಏನ್ ಕೆಲಸ?”

“ಮಲಗೂದು.”

ಕಂಡಕ್ಟರು ಹುಡುಗನ ಮುಖ ನೋಡಿದ. ಟಿಕೆಟು ಹರಿದುಕೊಟ್ಟು, ಸೀಟಿ ಊದಲು ಬಾಯಿಗೆ ತಂದವನು ಹಾಗೇ ಇಳಿಸಿ, ಹೋಗಿ ಡ್ರೈವರಿನ ಬೆನ್ನು ತಟ್ಟಿದ. ವಿಷಯ ತಿಳಿಯದೆ ಇರಲಾರದೆ ಶಂಕ್ರಪ್ಪನೂ ಬಸ್ಸು ಹತ್ತಿಬಿಟ್ಟ. ಹತ್ತಿದವನು ಎದುರಿನ ಸೀಟಿಗೆ ಕೈಯೂರಿ, ಪಿಸುದನಿಯಲ್ಲಿ ಕೇಳಿದ: “ಪಾಪ, ಸಿ.ಎ. ಓದಿ ಓದಿ ಹೀಂಗಾಯ್ತನಾ?”

“ಸಿ.ಎ. ಅಲ್ಲ,” ಎಂದು ನಾಯ್ಕರೂ ಪಿಸುಗುಟ್ಟಿದರು. “ಬಿಕಾಂ. ಮೂರು ಸಬ್ಜೆಕ್ಟು ಹೋಗಿದೆ. ಸಿ.ಎ. ಅಂದಿದ್ದು ನಾನು.”

ಶಂಕ್ರಪ್ಪನ ಹುಬ್ಬು ಮೇಲೆ ಹೋಯಿತು. ಹಿಂದಿನ ಸೀಟಿನ ಹೆಂಗಸು ಪಕ್ಕದವಳ ಕಿವಿಗೆ ಬಾಗಿದಳು. ಮಾತು ಸೀಟಿನಿಂದ ಸೀಟಿಗೆ ಮೆತ್ತಗೆ ದಾಟುತ್ತ ಹಿಂದಕ್ಕೆ ಹೋಯಿತು. ಪರಿಚಯದವರು ಒಬ್ಬೊಬ್ಬರೇ ಎದ್ದು ಬಂದು ಖಾತ್ರಿ ಮಾಡಿಕೊಂಡರು, ನಾಯ್ಕರು ಒಬ್ಬೊಬ್ಬರಿಗೂ ಬಾಗದೆ, ಭುಜ ಅಲುಗಿಸದೆ ಅದನ್ನೇ ಹೇಳಿದರು. ಕೊನೆಯ ಸೀಟು ಮುಟ್ಟುವಷ್ಟರಲ್ಲಿ ಮೂರು ಸಬ್ಜೆಕ್ಟು ಐದಾಗಿತ್ತು. ಯಾರೋ ತಮ್ಮ ಅಳಿಯನಿಗೆ ಏಳು ಹೋಗಿತ್ತೆಂದರು. ನಾಯ್ಕರು ಅದಕ್ಕೆ ಏನೂ ಹೇಳಲಿಲ್ಲ. ಭುಜ ಜೋಮು ಹಿಡಿದಿತ್ತು.

ಸಿದ್ದಾಪುರ ನಿಲ್ದಾಣದಲ್ಲಿ ಎಲ್ಲರೂ ಇಳಿದರು, ಶಂಕ್ರಪ್ಪನೂ ಚಾ ಕುಡಿಯಲು ಇಳಿದು ಅಲ್ಲೇ ಉಳಿದ. ಅಪ್ಪ ಮಗ ಖಾಲಿ ಬಸ್ಸಿನಲ್ಲಿ ಕುಳಿತೇ ಇದ್ದರು. ಡ್ರೈವರು ಬಾಗಿಲನ್ನು ಧಡಾರನೆ ಹಾಕದೆ ಒತ್ತಿ ಮುಚ್ಚಿ ಹೋದ. ಬಸ್ಸು ತುಂಬಿತು, ಹೊರಟಿತು, ಬಂದ ದಾರಿಯಲ್ಲೇ ಶಿರಸಿಯ ಕಡೆ ತಿರುಗಿತು. ಸಿದ್ದಾಪುರದಲ್ಲಿ ಹತ್ತಿದವರಿಗೂ ನಾಯ್ಕರು ಸಿ.ಎ. ವಿಷಯ ಹೇಳಿ ಮುಗಿಸಿದರು.

ಕಾನಸೂರಿನ ತಿರುವಿನಲ್ಲಿ ಬಸ್ಸು ಕುಲುಕಿದಾಗ ನವೀನನಿಗೆ ತಾನಾಗಿ ಎಚ್ಚರವಾಯಿತು. ಅಪ್ಪನ ಹೊಸ ಅಂಗಿಯ ಮೇಲೆ ಜೊಲ್ಲಿನ ಕಲೆ. ಅವನು ಕಣ್ಣುಜ್ಜಿಕೊಂಡು ಹೊರಗೆ ನೋಡಿದ.

“ಊರು ಬಂತನಾ ಅಪ್ಪಾ?”

“ಈಗ ಬಂತು.”

ಇಳಿದು ನಿಂತರು. ಬಸ್ಸು ಹೊಗೆ ಬಿಟ್ಟು ಮುಂದೆ ಹೋಯಿತು. ನವೀನ ಅದು ಹೋದ ದಿಕ್ಕನ್ನು ಸ್ವಲ್ಪ ಹೊತ್ತು ನೋಡಿದ, ಸೂರ್ಯನನ್ನು ನೋಡಿದ, ಮತ್ತೆ ಬಸ್ಸನ್ನು ನೋಡಿದ.

“ಅದು ಎಂತಕ್ಕೆ ವಾಪಸ್ ಶಿರಸಿ ಕಡೆಗೆ ಹೋಗ್ತಾ ಇದೆ?”

ನಾಯ್ಕರು ಜೋಮು ಹಿಡಿದ ಭುಜವನ್ನು ಇನ್ನೊಂದು ಕೈಯಿಂದ ಎತ್ತಿ ಕೆಳಗಿಟ್ಟರು.

“ಅದಕ್ಕೂ ಮನೆಗೆ ಹೋಗೂದಿರ್ತದಲ್ಲನಾ,” ಎಂದರು. “ನಡಿ.”